ಶೇಮ್ ಶೇಮ್ ಅನ್ನಬೇಡಿ

ಚೆನ್ನೈಯಲ್ಲಿ ಮಕ್ಕಳನ್ನು ಪ್ರೈಮರಿಗೆ ಸೇರಿಸಿರುವ ಅಪ್ಪ ಅಮ್ಮಂದಿರೇ, ಗಣಿತದಲ್ಲಿ ಎಷ್ಟು ಬಂತೆಂದು ಟೀಚರನ್ನು ಪೀಡಿಸುವ ನೀವು, ಮೈ, ಮನಸ್ಸು, ಆರೋಗ್ಯದ ಪಾಠ ಎಲ್ಲಿಗೆ ಬಂತೆಂದು ಒಮ್ಮೆಯಾದರೂ ಕೇಳಿದ್ದೀರಾ? ಪರೀಕ್ಷೆ ಹತ್ತಿರ ಬಂತೆಂದರೆ ಮೊದಲು ಮಾಯವಾಗುವುದೇ ಆ ಪೀರಿಯಡ್ಡು. ನೀವು ವಿಚಾರಿಸದಿದ್ದರೆ ಶಾಲೆಯವರೂ ತಲೆ ಕೆಡಿಸಿಕೊಳ್ಳುವುದಿಲ್ಲ.

ಇನ್ನು ಮನೆಯ ಸಂಗತಿ. ಸ್ನಾನ ಮುಗಿಸಿ ಬರಿಮೈಯಲ್ಲಿ ಹಾಲಿಗೆ ಓಡಿಬಂದ ಮಗುವನ್ನು ನೋಡಿ ‘ಶೇಮ್ ಶೇಮ್ ಪಪ್ಪಿ ಶೇಮ್’ ಎಂದು ಚಪ್ಪಾಳೆ ತಟ್ಟುತ್ತೀರಲ್ಲ, ಅದನ್ನು ಇವತ್ತೇ ಬಿಡಿ. ಆ ಭಾಗವೇ ನಾಚಿಕೆಗೇಡು ಎಂದು ಕಲಿತ ಮಗು ನಾಳೆ ಅಲ್ಲಿ ತುರಿಸಿದರೂ ಬಾಯಿ ಬಿಡುವುದಿಲ್ಲ, ಯಾರಾದರೂ ಮುಟ್ಟಿದರೂ ಬಿಡುವುದಿಲ್ಲ. ಕೈ, ಕಾಲು, ಮೂಗಿನ ಹೆಸರು ಹೇಳಿಕೊಟ್ಟ ಹಾಗೆ ಅದರ ಹೆಸರನ್ನೂ ಹೇಳಿಕೊಡಿ. ನಮ್ಮ ಮಕ್ಕಳಿಗೆ ಶಾಲೆಯಲ್ಲಿ ಇಂಗ್ಲಿಷು, ಬೀದಿಯಲ್ಲಿ ತಮಿಳು, ಮನೆಯಲ್ಲಿ ಕನ್ನಡ. ಮೂರರಲ್ಲೂ ಗೊತ್ತಿರಲಿ. ಶಾಲೆಯ ಆಯಾಗೆ ಹೇಳಬೇಕಾದರೆ ಇಂಗ್ಲಿಷು ಸಾಲದು, ಅಜ್ಜಿಗೆ ಹೇಳಬೇಕಾದರೆ ತಮಿಳು ಸಾಲದು.

ಊರಿಂದ ಬಂದ ಮಾವನಿಗೆ ಮುತ್ತು ಕೊಡೆಂದು ಮಗುವನ್ನು ದೂಡಬೇಡಿ. ಹಿಂದೆ ಸರಿದರೆ ಒಂದು ನಮಸ್ಕಾರ ಸಾಕು. ಮಾವ ಮುನಿಸಿಕೊಂಡರೆ ಕಾಫಿ ಕೊಟ್ಟು ಸಮಾಧಾನ ಮಾಡಿ. ‘ಗೊತ್ತಿಲ್ಲದವರ ಹತ್ತಿರ ಹೋಗಬೇಡ’ ಎಂದು ಹೇಳಿಕೊಟ್ಟು ನಿಶ್ಚಿಂತೆಯಿಂದ ಕೂರುವವರೇ ಹೆಚ್ಚು. ಆದರೆ ಮಕ್ಕಳಿಗೆ ಕೆಡುಕು ಮಾಡುವವರು ಬಹುತೇಕ ಗೊತ್ತಿರುವವರೇ. ಬೇಲಿಯೇ ಎದ್ದು ಹೊಲ ಮೇಯುವ ಕಾಲಕ್ಕೂ ಮಗು ತಯಾರಿರಬೇಡವೇ? ಚಡ್ಡಿಯ ಒಳಗಿನ ಜಾಗವನ್ನು ಬೇರೆಯವರು ಮುಟ್ಟಬಾರದು, ಡಾಕ್ಟರು ನೋಡುವಾಗಲೂ ಅಮ್ಮ ಪಕ್ಕದಲ್ಲಿರಬೇಕು, ‘ಅಮ್ಮನಿಗೆ ಹೇಳಬೇಡ’ ಎಂದವರ ಗುಟ್ಟನ್ನು ಮೊದಲು ಅಮ್ಮನಿಗೇ ಹೇಳಬೇಕು. ಇಷ್ಟು ಕಲಿಸಿ. ಈ ಕೆಲಸಕ್ಕೆಂದೇ 2004ರಲ್ಲಿ ಚೆನ್ನೈಯಲ್ಲಿ ತುಳಿರ್ ಎಂಬ ಸಂಸ್ಥೆ ಹುಟ್ಟಿತು. ಇಂಥವರನ್ನು ಶಾಲೆಗೆ ಕರೆಸಿ ಎಂದು ಕೇಳುವ ಹಕ್ಕು ನಿಮಗಿದೆ.

ಮಗು ಏನಾದರೂ ಹೇಳಿತೆನ್ನಿ. ಕಿರುಚಬೇಡಿ. ‘ನೀನ್ಯಾಕೆ ಅಲ್ಲಿಗೆ ಹೋದೆ’ ಎಂಬ ಮಾತಂತೂ ಬೇಡವೇ ಬೇಡ. ‘ಹೇಳಿದ್ದು ಒಳ್ಳೆಯದಾಯಿತು, ತಪ್ಪು ನಿನ್ನದಲ್ಲ’ ಎನ್ನಿ. ಮರ್ಯಾದೆಗಂಜಿ ಮುಚ್ಚಿಡಬೇಡಿ. 2012ರ ಪೋಕ್ಸೊ ಕಾಯ್ದೆಯ ಪ್ರಕಾರ ಗೊತ್ತಿದ್ದೂ ಪೊಲೀಸರಿಗೆ ತಿಳಿಸದಿರುವುದೂ ಅಪರಾಧವೇ. ಮಕ್ಕಳ ಸಹಾಯವಾಣಿ 1098ನ್ನು ಮಗುವಿಗೂ ಬಾಯಿಪಾಠ ಮಾಡಿಸಿ. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿ ಏನು ಪ್ರಯೋಜನ?

ಆರೋಗ್ಯದ ಪಾಠ ಸುಲಭ, ಅದನ್ನು ಕೆಡಿಸುವವರು ದೊಡ್ಡವರೇ. ಹೇಳೋದು ಆಚಾರ, ತಿನ್ನೋದು ಬದನೆಕಾಯಿ. ಡೆಂಗಿ ಸೊಳ್ಳೆ ಶುದ್ಧ ನೀರಿನಲ್ಲಿ ಹುಟ್ಟುತ್ತದೆ, ಹಗಲಲ್ಲೇ ಕಚ್ಚುತ್ತದೆ ಎಂದು ಮಗು ಓದಿ ಬಂದಿರುತ್ತದೆ. ಲಾರಿ ನೀರು ತುಂಬಿಟ್ಟ ನಿಮ್ಮ ಡ್ರಮ್ಮಿಗೆ ಮುಚ್ಚಳವಿದೆಯೇ? ಮೊಟ್ಟೆ ಸೊಳ್ಳೆಯಾಗಲು ಹೆಚ್ಚುಕಡಿಮೆ ಒಂದು ವಾರ ಸಾಕು. ಪ್ರತಿ ಭಾನುವಾರ ಡ್ರಮ್ ಬರಿದು ಮಾಡಿ ಒಳಗೋಡೆ ಉಜ್ಜಿ, ಮಗುವಿನ ಕೈಗೂ ಒಂದು ಬ್ರಷ್ ಕೊಡಿ. ಶಾಲೆಯಲ್ಲಿ ಜಂತುಹುಳದ ಮಾತ್ರೆ ಕೊಡುವ ದಿನ ಮಗುವನ್ನು ಮನೆಯಲ್ಲಿ ಉಳಿಸಿಕೊಳ್ಳಬೇಡಿ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ವ್ಯಾನು ಹತ್ತಿಸಲೂಬೇಡಿ. ಹಸಿದ ಮಗುವಿಗೆ ಪಾಠ ಹತ್ತದೆಂದು ತಿಳಿದೇ 1920ರಲ್ಲಿ ಮದ್ರಾಸ್ ಕಾರ್ಪೊರೇಷನ್ನು ಥೌಸಂಡ್ ಲೈಟ್ಸ್ ಶಾಲೆಯಲ್ಲಿ ಮಕ್ಕಳಿಗೆ ಊಟ ಹಾಕಿತು. 2022ರಿಂದ ಸರ್ಕಾರಿ ಪ್ರೈಮರಿಗಳಲ್ಲಿ ಬೆಳಗಿನ ತಿಂಡಿಯೂ ಶುರುವಾಯಿತು. ದುಬಾರಿ ಶಾಲೆಯ ನಿಮ್ಮ ಮಗು ಬರಿ ಬಿಸ್ಕತ್ತು ತಿಂದು ಹೋಗುವುದೆಂದರೆ!

ಟೀಚರಮ್ಮಂದಿರೇ, ನೀವೂ ಕೇಳಿಸಿಕೊಳ್ಳಿ. ಕೈ ತೊಳೆಯುವುದನ್ನು ಪುಸ್ತಕದಿಂದ ಓದಿಸಬೇಡಿ, ನಲ್ಲಿಯ ಹತ್ತಿರ ಕರೆದೊಯ್ದು ಸೋಪು ಹಚ್ಚಿಸಿ. ಒಂದು ಮಗುವಿನ ತಲೆಯಲ್ಲಿ ಹೇನು ಕಂಡರೆ ಎಲ್ಲರೆದುರು ನಿಲ್ಲಿಸಿ ಶುಚಿತ್ವದ ಭಾಷಣ ಮಾಡಬೇಡಿ. ಉಳಿದ ಮಕ್ಕಳು ಆವತ್ತು ಕಲಿಯುವುದು ಶುಚಿತ್ವವನ್ನಲ್ಲ, ಹೀಯಾಳಿಸುವುದನ್ನು. ಒಂದು ಚೀಟಿ ಬರೆದು ಡೈರಿಯೊಳಗಿಟ್ಟು ಮನೆಗೆ ಕಳಿಸಿ. ಹಾಗೆಯೇ ಸಂಜೆ ನಿಮ್ಮ ತಲೆಯನ್ನೂ ಒಮ್ಮೆ ಬಾಚಿ ನೋಡಿಕೊಳ್ಳಿ, ಹೇನಿಗೆ ಟೀಚರೆಂಬ ದಾಕ್ಷಿಣ್ಯವಿಲ್ಲ.