ಕೆರೆಯ ಏರಿ : ಅಪಾಯ ಬೇರೆ, ಸ್ಥಿತಿ ಬೇರೆ



ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ತಾಲ್ಲೂಕುಗಳ ಬೆಳೆಗಾರರಾದ ನಾವು ಕೆರೆಯನ್ನು ಕಂಡಾಗ ಕೇಳುವ ಪ್ರಶ್ನೆ ಒಂದೇ: ಈ ವರ್ಷ ತುಂಬೀತೆ? ಬರ ಕಂಡ ಸೀಮೆಯವರಿಗೆ ಇದು ಸಹಜ. ಮಾರಿಕಣಿವೆಯ ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ನಡುವೆ 89 ವರ್ಷ ಕಳೆದಿತ್ತು. ಆ ವರ್ಷ ನಮ್ಮ ಅನೇಕ ಸಣ್ಣ ಕೆರೆಗಳೂ ತುಂಬಿದವು. ತುಂಬಿದ ಸಂತೋಷದಲ್ಲಿ ಎರಡನೆಯ ಪ್ರಶ್ನೆಯನ್ನು ಕೇಳಿದವರು ಕಡಿಮೆ: ಇಷ್ಟು ನೀರನ್ನು ಈ ಏರಿ ತಡೆದೀತೆ? ಆ ಪ್ರಶ್ನೆಯನ್ನು ಕುರಿತು ಈ ಪಾಠ.

ಎರಡು ಮಾತುಗಳ ವ್ಯತ್ಯಾಸ

ಅಣೆಕಟ್ಟೆಗಳನ್ನು ಪರಿಶೀಲಿಸುವ ಎಂಜಿನಿಯರುಗಳು ಎರಡು ಸಂಗತಿಗಳನ್ನು ಬೇರೆ ಬೇರೆಯಾಗಿ ಬರೆದಿಡುತ್ತಾರೆ. ಒಂದು, ಅಪಾಯದ ದರ್ಜೆ. ಕಟ್ಟೆ ಒಡೆದರೆ ಕೆಳಗೆ ಏನು ಹಾಳಾಗುತ್ತದೆ, ಎಷ್ಟು ಜನರ ಪ್ರಾಣಕ್ಕೆ ಸಂಚಕಾರ ಎಂಬುದರ ಮೇಲೆ ಇದು ನಿಂತಿದೆ. ಇನ್ನೊಂದು, ಕಟ್ಟೆಯ ಸ್ಥಿತಿ. ಅಂದರೆ ಅದು ಈಗ ಗಟ್ಟಿಯಾಗಿದೆಯೆ, ಶಿಥಿಲವಾಗಿದೆಯೆ ಎಂಬುದು. ಗುಡ್ಡದ ಮರೆಯ ಗೋಕಟ್ಟೆ ಶಿಥಿಲವಾಗಿದ್ದರೂ ಕೆಳಗೆ ಬರಿಯ ಹುಲ್ಲುಗಾವಲಿದ್ದರೆ ಅದರ ಅಪಾಯದ ದರ್ಜೆ ಕಡಿಮೆ. ಏರಿ ಭದ್ರವಾಗಿದ್ದರೂ ಅದರ ಕೆಳಗೆ ಶಾಲೆ, ಮನೆಗಳಿದ್ದರೆ ದರ್ಜೆ ಹೆಚ್ಚು. "ನಮ್ಮ ಏರಿ ಗಟ್ಟಿ, ಆದ್ದರಿಂದ ಅಪಾಯವಿಲ್ಲ" ಎನ್ನುವುದು ಈ ಎರಡನ್ನೂ ಬೆರೆಸಿದ ಮಾತು.

ಇದು ನಮಗೆ ಮುಖ್ಯವಾಗುವುದು ಹೇಗೆಂದರೆ, ಏರಿ ಇದ್ದಂತೆಯೇ ಇದ್ದರೂ ಅಪಾಯದ ದರ್ಜೆ ಏರುತ್ತಾ ಹೋಗಬಹುದು. ಹಿಂದೆ ಅಚ್ಚುಕಟ್ಟಿನಲ್ಲಿ ಭತ್ತದ ಗದ್ದೆಗಳಿದ್ದವು. ಕೆರೆ ಒಡೆದರೆ ಒಂದು ಬೆಳೆ ಹೋಗುತ್ತಿತ್ತು. ಈಗ ಅಲ್ಲಿ ಅಡಿಕೆ ನಿಂತಿದೆ. ಪಂಪುಮನೆ, ಆಳುಮನೆ, ಅಡಿಕೆ ಬೇಯಿಸುವ ಒಲೆಗಳಿವೆ. ತೋಟ ಕೊಚ್ಚಿಹೋದರೆ ಮತ್ತೆ ಸಸಿ ನೆಟ್ಟು ಫಲ ಕಾಣಲು ಐದಾರು ವರ್ಷ ಬೇಕು. ಕೆಳಗೆ ಇನ್ನೊಂದು ಕೆರೆಯಿದ್ದರೆ, ಮೇಲಿನದರ ನೀರು ಅದನ್ನೂ ಒಡೆಯಬಹುದು.

ಕಾನೂನಿನ ವ್ಯಾಪ್ತಿ

2021ರ ಅಣೆಕಟ್ಟು ಸುರಕ್ಷತಾ ಕಾಯ್ದೆಯು 15 ಮೀಟರಿಗಿಂತ, ಎಂದರೆ ಸುಮಾರು 49 ಅಡಿಗಿಂತ ಎತ್ತರದ ಕಟ್ಟೆಗಳಿಗೆ ಅನ್ವಯಿಸುತ್ತದೆ. 10ರಿಂದ 15 ಮೀಟರ್ ಎತ್ತರದವು ಸೇರಬೇಕಾದರೆ ಏರಿಯ ಉದ್ದ 500 ಮೀಟರಿಗೆ ಕಡಿಮೆಯಿಲ್ಲದಿರುವುದು, ಸಂಗ್ರಹ 10 ಲಕ್ಷ ಘನ ಮೀಟರಿಗೆ ಕಡಿಮೆಯಿಲ್ಲದಿರುವುದು ಮುಂತಾದ ಲಕ್ಷಣಗಳಲ್ಲಿ ಒಂದಾದರೂ ಇರಬೇಕು. ಅಂಥ ಕಟ್ಟೆಗಳಿಗೆ ಮಳೆಗಾಲಕ್ಕೆ ಮೊದಲು ಮತ್ತು ಅನಂತರ ತಪಾಸಣೆ ಕಡ್ಡಾಯ. ನಮ್ಮ ಊರ ಕೆರೆಗಳಲ್ಲಿ ಹೆಚ್ಚಿನವು ಈ ಅಳತೆಗೆ ಬರುವುದಿಲ್ಲ. ಆದುದರಿಂದ ಮೊದಲ ತಪಾಸಣೆ ನಮ್ಮ ಕಣ್ಣಿನಿಂದಲೇ ಆಗಬೇಕು.

ಸಣ್ಣ ಕಟ್ಟೆಯೆಂದು ಅಲಕ್ಷಿಸುವಂತಿಲ್ಲ. ಮಹಾರಾಷ್ಟ್ರದ ರತ್ನಾಗಿರಿ ಜಿಲ್ಲೆಯ ತಿವರೆ ಎಂಬಲ್ಲಿ 2019ರ ಜುಲೈ 2ರ ರಾತ್ರಿ ಸಣ್ಣ ನೀರಾವರಿಯ ಮಣ್ಣಿನ ಕಟ್ಟೆ ಒಡೆದು, ಕೆಳಗಿನ ಮನೆಗಳು ಜನಸಮೇತ ಕೊಚ್ಚಿಹೋದವು. ಕಟ್ಟೆ ಸೋರುತ್ತಿದೆಯೆಂದು ಗ್ರಾಮಸ್ಥರು ಮೊದಲೇ ದೂರಿದ್ದರು.

ನಾವು ಮಾಡಿದ ತಪ್ಪು

ಇಲ್ಲಿ ನಮ್ಮದೇ ತಪ್ಪೊಂದನ್ನು ಒಪ್ಪಿಕೊಳ್ಳಬೇಕು. 2022ರಲ್ಲಿ ನಮ್ಮೂರ ಕೆರೆ ಕೋಡಿ ಬೀಳುವ ಹಂತಕ್ಕೆ ಬಂದಾಗ, ಬೇಸಿಗೆಗೆ ಇನ್ನೊಂದಡಿ ನೀರು ಉಳಿದೀತೆಂಬ ಆಸೆಯಿಂದ ಕೋಡಿಯ ಮೇಲೆ ಮರಳಿನ ಚೀಲಗಳನ್ನು ಪೇರಿಸಿದೆವು. ಊರಿನ ಹಳೆಯ ನೀರುಗಂಟಿಯೊಬ್ಬರು, "ಬೇಡಿ ಸ್ವಾಮಿ, ಕೋಡಿ ಕಟ್ಟಿದರೆ ಏರಿ ಉಳಿಯೋದಿಲ್ಲ" ಎಂದರು. ನಾವು ಕೇಳಲಿಲ್ಲ. ಹಸ್ತ ಮಳೆಯ ಒಂದು ರಾತ್ರಿ ನೀರು ಏರಿಯ ತಲೆಗೆ ಗೇಣಷ್ಟು ಕೆಳಗೆ ಬಂದು ನಿಂತಿತು. ಕೆಳಗಿನ ಮನೆಯವರನ್ನು ಎಬ್ಬಿಸಿ ಕಳುಹಿಸಿ, ಸೊಂಟಕ್ಕೆ ಹಗ್ಗ ಬಿಗಿದು ಚೀಲಗಳನ್ನು ಎಳೆದು ಹಾಕಿದೆವು. ಏರಿ ಉಳಿಯಿತು. ಅದು ನಮ್ಮ ಜಾಣತನದಿಂದಲ್ಲ, ಮಳೆ ನಿಂತದ್ದರಿಂದ.

ಅನಂತರ ಲೆಕ್ಕ ಹಾಕಿ ನೋಡಿದೆವು. ಕೋಡಿಯ ಮೇಲೆ ನೀರು ಮೂರಡಿ ಎತ್ತರ ಹರಿಯುವಾಗ ಹೋಗುವ ಪ್ರಮಾಣವನ್ನು 100 ಎಂದಿಟ್ಟುಕೊಳ್ಳಿ. ಏರಿಯ ತಲೆ ಇದ್ದಲ್ಲಿಯೇ ಇದ್ದು, ಕೋಡಿಯನ್ನು ಒಂದಡಿ ಎತ್ತರಿಸಿದರೆ ಹರಿಯಲು ಉಳಿಯುವುದು ಎರಡಡಿ. ಆಗ ಹೋಗುವ ನೀರು 67 ಅಲ್ಲ, ಸುಮಾರು 54 ಮಾತ್ರ. ಒಂದಡಿ ನೀರಿನ ಆಸೆಗೆ ಕೋಡಿಯ ಶಕ್ತಿಯಲ್ಲಿ ಹತ್ತಿರ ಹತ್ತಿರ ಅರ್ಧವನ್ನು ಕಳೆದಿದ್ದೆವು. ಮಣ್ಣಿನ ಏರಿಯ ತಲೆಯ ಮೇಲೆ ನೀರು ಹರಿಯತೊಡಗಿದರೆ ಅದು ಕೊರೆದುಹೋಗಲು ಹೆಚ್ಚು ಹೊತ್ತು ಬೇಕಿಲ್ಲ.

ಏರಿಯ ಮೇಲೆ ನಡೆದು ನೋಡಬೇಕಾದವು

ಮೃಗಶಿರಕ್ಕೆ ಮೊದಲೊಮ್ಮೆ, ಹಸ್ತಕ್ಕೆ ಮೊದಲೊಮ್ಮೆ, ಕೆರೆ ತುಂಬಿದಾಗ ದಿನಕ್ಕೆರಡು ಸಲ ಈ ಕೆಳಗಿನವನ್ನು ಗಮನಿಸತಕ್ಕದ್ದು.

1. ಕೋಡಿ ಮತ್ತು ಕೋಡಿಹಳ್ಳ: ಚೀಲ, ಕಲ್ಲು, ಜಾಲಿ, ಒತ್ತುವರಿ ಏನಿದ್ದರೂ ತೆಗೆಸಬೇಕು.

2. ಏರಿಯ ತಲೆ: ಟ್ರ್ಯಾಕ್ಟರ್, ದನಗಳ ಓಡಾಟದಿಂದ ತಗ್ಗಾದ ಜಾಗ. ನೀರು ಮೊದಲು ಉಕ್ಕುವುದು ಅಲ್ಲಿಯೇ.

3. ಬುಡದ ಜೌಗು: ತಿಳಿ ನೀರು ಒಂದೇ ಪ್ರಮಾಣದಲ್ಲಿ ಜಿನುಗುತ್ತಿದ್ದರೆ ಗೂಟ ಹೊಡೆದು ಗುರುತಿಟ್ಟು ನೋಡುತ್ತಿರಬೇಕು. ನೀರು ಹೆಚ್ಚಿದರೆ ಅಥವಾ ಕೆಂಪಗೆ ಮಣ್ಣು ಬೆರೆತು ಬಂದರೆ ಏರಿ ಒಳಗಿನಿಂದ ಕರಗುತ್ತಿದೆಯೆಂದು ತಿಳಿಯಬೇಕು.

4. ತೂಬಿನ ಸುತ್ತ: ಹಳೆಯ ತೂಬಿನ ಗೋಡೆಗೂ ಮಣ್ಣಿಗೂ ನಡುವೆ ಸಂದು ಬಿದ್ದಿದೆಯೆ?

5. ಬಿಲ, ಹುತ್ತ, ಬಿರುಕು, ಮರ: ಮರ ಕಡಿದರೆ ಸಾಲದು; ಬೇರು ಕೊಳೆತ ಜಾಗ ನೀರಿಗೆ ದಾರಿಯಾಗುತ್ತದೆ. ಹಲವು ವರ್ಷ ಬತ್ತಿದ ಕೆರೆಯ ಏರಿ ಒಣಗಿ ಸೀಳಿರುತ್ತದೆ. ಬರದ ನಂತರ ಮೊದಲ ಸಲ ತುಂಬುವಾಗ ಎಚ್ಚರ ಇಮ್ಮಡಿ ಇರಲಿ.

6. ಪೈಪು: ತೋಟಕ್ಕೆ ನೀರೊಯ್ಯಲು ಏರಿಯನ್ನು ಅಗೆದು ಪೈಪು ಹೂಳುವ ಅಭ್ಯಾಸವನ್ನು ನಮ್ಮ ಸದಸ್ಯರು ಇಂದೇ ಬಿಡಬೇಕು.

ದೋಷ ಕಂಡರೆ ಬಾಯಿಮಾತಿನಲ್ಲಿ ಹೇಳಿ ಸುಮ್ಮನಾಗದೆ, ಕೆರೆಯ ಹೆಸರು, ಜಾಗ, ತಾರೀಖು ನಮೂದಿಸಿ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ಸಾಮಾನ್ಯವಾಗಿ 40 ಹೆಕ್ಟೇರಿಗೆ ಮೀರಿದ ಅಚ್ಚುಕಟ್ಟಿನ ಕೆರೆಗಳು ಸಣ್ಣ ನೀರಾವರಿ ಇಲಾಖೆಗೂ ಅದಕ್ಕೆ ಕಡಿಮೆಯವು ಪಂಚಾಯತಿಗೂ ಸೇರಿರುತ್ತವೆ. ಮಣ್ಣು ಬೆರೆತ ನೀರು ಕಂಡರೆ ಮಾತ್ರ ಅರ್ಜಿಗೆ ಕಾಯಬಾರದು. ಮೊದಲು ಕೆಳಗಿನ ಮನೆಯವರನ್ನು ಎಬ್ಬಿಸಿ, ಆಮೇಲೆ ತಹಸೀಲ್ದಾರರಿಗೂ ಇಲಾಖೆಗೂ ತಿಳಿಸಿ.

ವೇದಾವತಿಯ ಮೂಲದ ಕಡೆ ಕಾಫಿ ತೋಟವುಳ್ಳ ಸದಸ್ಯರು ಹಳ್ಳಕ್ಕೆ ಕಟ್ಟಿಕೊಂಡ ಕಟ್ಟೆಗಳಿಗೂ ಇದೇ ಮಾತು ಅನ್ವಯಿಸುತ್ತದೆ. ಅಲ್ಲಿ ಒಡೆದ ನೀರು ಕೆಳಗಿನವರ ಮೇಲೆ ಬರುತ್ತದೆ.

ಕೆರೆ ತುಂಬಿದಾಗ ಬಾಗಿನ ಅರ್ಪಿಸಲು ನಾವೆಲ್ಲರೂ ಹೋಗುತ್ತೇವೆ. ಆ ದಿನ ಏರಿಯ ಈ ತುದಿಯಿಂದ ಆ ತುದಿಯವರೆಗೆ ಒಮ್ಮೆ ನಡೆದು, ಬುಡವನ್ನೂ ನೋಡಿ ಬರಬೇಕೆಂದು ಸದಸ್ಯರಲ್ಲಿ ಕೋರುತ್ತೇವೆ.