ಹಳೆಯ ಹಿಂಡಿಗೆ ಹೊಸ ಕೋಳಿ ಸೇರಿಸುವ ಕ್ರಮ

ಸಂತೆಯಲ್ಲಿ ಕೊಂಡ ಹೇಂಟೆಯನ್ನು ಆ ಸಂಜೆಯೇ ಹಳೆಯ ಗೂಡಿಗೆ ಬಿಟ್ಟು ಬಾಗಿಲು ಮುಚ್ಚುವುದು ನಮ್ಮ ಹಳ್ಳಿಗಳಲ್ಲಿ ನಡೆದು ಬಂದಿರುವ ರೂಢಿ. ಹತ್ತು ಸಲ ಇದರಿಂದ ಕೇಡಾಗದೆ ಇರಬಹುದು. ಹನ್ನೊಂದನೆಯ ಸಲ ಗೂಡೇ ಬರಿದಾದೀತು. ಹಿತ್ತಲ ಕೋಳಿಯೆಂದರೆ ಮನೆಯ ಹೆಣ್ಣುಮಕ್ಕಳ ಕೈಗಂಟು. ಎಣ್ಣೆ ಉಪ್ಪಿಗೆ, ಮಕ್ಕಳ ಪುಸ್ತಕಕ್ಕೆ ಎಷ್ಟೋ ಮನೆಗಳಲ್ಲಿ ಮೊಟ್ಟೆಯ ಕಾಸೇ ಆಧಾರ. ಆದುದರಿಂದ ಹೊಸ ಕೋಳಿಯನ್ನು ಹಿಂಡಿಗೆ ಸೇರಿಸುವ ಕ್ರಮವನ್ನು ಈ ವಾರ ವಿವರಿಸುತ್ತೇವೆ. ಇದರಲ್ಲಿ ಎರಡು ಹಂತಗಳುಂಟು. ಮೊದಲನೆಯದು ರೋಗದಿಂದ ಕಾಪಾಡುವುದು, ಎರಡನೆಯದು ಜಗಳದಿಂದ ಕಾಪಾಡುವುದು.

ರೋಗ ಒಂದು, ಹೆಸರು ಹಲವು

ಕೋಳಿಗೆ ಬರುವ ರೋಗಗಳಲ್ಲಿ ಬಹಳ ಕ್ರೂರವಾದುದು ರಾಣಿಖೇತ್ ರೋಗ. ೧೯೨೬ರಲ್ಲಿ ಇದು ಜಾವಾ ದ್ವೀಪದಲ್ಲಿಯೂ ಇಂಗ್ಲೆಂಡಿನ ನ್ಯೂಕ್ಯಾಸಲ್ ಪಟ್ಟಣದಲ್ಲಿಯೂ ಕಾಣಿಸಿಕೊಂಡಿತು. ೧೯೨೭ರಲ್ಲಿ ನಮ್ಮ ದೇಶದ ರಾಣಿಖೇತ್‌ನಲ್ಲಿ ಗುರುತಿಸಲ್ಪಟ್ಟುದರಿಂದ ಇಲ್ಲಿ ಆ ಊರಿನ ಹೆಸರೇ ನಿಂತಿತು. ಕನ್ನಡದಲ್ಲಿ ಇದನ್ನು ಕೊಕ್ಕರೆ ರೋಗವೆನ್ನುತ್ತಾರೆ. ಆದವಾನಿ, ರಾಯದುರ್ಗದ ಕಡೆಯವರು ತೆಲುಗಿನಲ್ಲಿ ಕೊಕ್ಕೆರ ತೆಗುಲು ಎಂಬುದನ್ನು ಕೇಳಿರುತ್ತಾರೆ. ತಾಳವಾಡಿ, ಹೊಸೂರಿನ ಕಡೆ ತಮಿಳರು ವೆಳ್ಳೈ ಕಳಿಚ್ಚಲ್ ಎನ್ನುತ್ತಾರೆ. ಅಕ್ಕಲಕೋಟೆ, ಜತ್ತದ ಕಡೆ ಮರಾಠಿಯಲ್ಲಿ ಮಾನಮೋಡಿ. ಕಾಸರಗೋಡಿನಲ್ಲಿ ಮಲಯಾಳದವರಿಗೆ ಕೋಳಿವಸಂತ. ಹೆಸರು ಬೇರೆಯಾದರೂ ರೋಗ ಒಂದೇ. ದನದ ಆಸ್ಪತ್ರೆಗೆ ಹೋದಾಗ ಅಲ್ಲಿನ ಭಾಷೆಯ ಹೆಸರನ್ನು ಹೇಳಿದರೆ ಕೆಲಸ ಸುಲಭವಾಗುತ್ತದೆ.

ರೋಗ ಬಂದ ಕೋಳಿ ಮಂಕಾಗಿ ಮೇವು ಬಿಡುತ್ತದೆ, ಬಾಯಿ ತೆರೆದು ಉಸಿರೆಳೆಯುತ್ತದೆ, ಹಸಿರು ಅಥವಾ ಬಿಳಿ ಬಣ್ಣದಲ್ಲಿ ನೀರಾಗಿ ಭೇದಿ ಮಾಡುತ್ತದೆ. ಕೆಲವಕ್ಕೆ ರೆಕ್ಕೆ ಕಾಲು ಸೋಲುತ್ತವೆ, ಕತ್ತು ತಿರುಚುತ್ತದೆ. ಬಂದ ಮೇಲೆ ಇದಕ್ಕೆ ಔಷಧವಿಲ್ಲ. ರೋಗ ಒಳಹೊಕ್ಕ ಎರಡು ದಿನದಿಂದ ಹದಿನೈದು ದಿನದವರೆಗೆ ಲಕ್ಷಣ ಹೊರಗೆ ಕಾಣದೆ ಇರಬಹುದು. ಸಂತೆಯಲ್ಲಿ ಕೆಂಪು ಜುಟ್ಟು ಹೊತ್ತು ಲವಲವಿಕೆಯಿಂದಿದ್ದ ಕೋಳಿಯೂ ರೋಗವನ್ನು ಹೊತ್ತು ತಂದಿರಬಹುದೆಂಬುದನ್ನು ಮರೆಯಬಾರದು.

ಮೂರು ವಾರ ಬೇರೆ ಇಡಿರಿ

ಹೊಸ ಕೋಳಿಯನ್ನು ಕಡಿಮೆಯೆಂದರೆ ೨೧ ದಿನ, ಸಾಧ್ಯವಾದರೆ ೩೦ ದಿನ ಬೇರೆ ಇಡತಕ್ಕದ್ದು. ಇದಕ್ಕೆ ಖರ್ಚಿನ ಕಟ್ಟಡ ಬೇಡ. ಹಿತ್ತಲಿನ ಇನ್ನೊಂದು ತುದಿಯಲ್ಲಿ ಬಿದಿರಿನ ಪಂಜರವಾಗಲಿ, ಬಲೆ ಕಟ್ಟಿದ ಮೂಲೆಯಾಗಲಿ ಸಾಕು. ನೆರಳಿರಬೇಕು, ನಾಯಿ ಮುಂಗುಸಿಗಳ ಕಾಟವಿರಬಾರದು. ಹಳೆಯ ಕೋಳಿಗಳು ಅದರ ಬಳಿ ಸುಳಿಯಬಾರದು.

ಮೇವು ನೀರಿನ ಪಾತ್ರೆ ಬೇರೆಯೇ ಇರಲಿ. ದಿನವೂ ಮೊದಲು ಹಳೆಯ ಹಿಂಡಿಗೆ ಮೇವು ಹಾಕಿ, ಕಡೆಯಲ್ಲಿ ಹೊಸದಕ್ಕೆ ಹಾಕಬೇಕು. ಆಮೇಲೆ ಕೈಕಾಲುಗಳನ್ನು ಸಾಬೂನಿನಿಂದ ತೊಳೆಯಬೇಕು. ಪಾದಕ್ಕೆ, ಚಪ್ಪಲಿಗೆ ಅಂಟಿದ ಹಿಕ್ಕೆಯಿಂದಲೂ ರೋಗ ಹರಡುತ್ತದೆ.

ಈ ದಿನಗಳಲ್ಲಿ ಕೋಳಿಯನ್ನು ಕೈಯಲ್ಲಿ ಹಿಡಿದು ನೋಡಿರಿ. ರೆಕ್ಕೆಯ ಕೆಳಗೆ, ಗುದದ ಸುತ್ತ ಪುಕ್ಕ ಸರಿಸಿ ಹೇನನ್ನು ಹುಡುಕಿರಿ. ಜುಟ್ಟಿನ ಮೇಲೆ ಗುಳ್ಳೆ ಎದ್ದಿದ್ದರೆ ಸಿಡುಬಿನ ಶಂಕೆ. ಕಣ್ಣು ಮೂಗಿನಲ್ಲಿ ನೀರು ಸುರಿದರೆ ನೆಗಡಿ. ಜಂತುಹುಳುವಿನ ಔಷಧ ಕೊಡಿಸಲು ಇದೇ ತಕ್ಕ ಸಮಯ.

ಚುಚ್ಚುಮದ್ದನ್ನು ಹಳೆಯ ಹಿಂಡಿಗೆ ಮೊದಲೇ ಹಾಕಿಸಿರಬೇಕು. ಮರಿಗಳಿಗೆ ಮೊದಲ ವಾರದಲ್ಲಿ ಕಣ್ಣಿಗೆ ಇಲ್ಲವೆ ಮೂಗಿಗೆ ತೊಟ್ಟು ಹಾಕುತ್ತಾರೆ. ಎಂಟು ವಾರ ತುಂಬಿದವಕ್ಕೆ ಆರ್. ೨ ಬಿ. ಎಂಬ ಮದ್ದನ್ನು ಚುಚ್ಚುತ್ತಾರೆ. ಇದನ್ನು ಮುಕ್ತೇಶ್ವರದ ತಳಿಯೆಂದೂ ಕರೆಯುವುದುಂಟು. ಮದ್ದನ್ನು ಐಸಿನಲ್ಲಿಟ್ಟೇ ತರಬೇಕು. ಬಿಸಿಲು ತಗುಲಿದರೆ ಅದು ನಿಷ್ಫಲ. ಕಾಯಿಲೆಯಾದ ಕೋಳಿಗೆ ಚುಚ್ಚಿಸಬಾರದು.

ಬೇರೆ ಇಟ್ಟ ಕೋಳಿ ಸತ್ತರೆ ದನದ ಡಾಕ್ಟರಿಗೆ ತಿಳಿಸಿ, ಆಳವಾಗಿ ಗುಂಡಿ ತೋಡಿ ಸುಣ್ಣ ಹಾಕಿ ಹೂಳಿರಿ. ಕಾಯಿಲೆ ಬಿದ್ದುದನ್ನು ಸಂತೆಗೆ ಒಯ್ದು ಮಾರಿದರೆ ನೆರೆಯವರ ಗೂಡಿಗೆ ಬೆಂಕಿ ಇಟ್ಟಂತೆಯೇ ಸರಿ.

ಜಗಳ ತಪ್ಪಿಸುವ ಬಗೆ

ಕೋಳಿಗಳಲ್ಲಿ ಮೇಲು ಕೀಳಿನ ಒಂದು ಸಾಲು ಉಂಟು. ಎಲ್ಲರಿಗಿಂತ ಮೇಲಿನದು ಯಾರನ್ನಾದರೂ ಕುಕ್ಕಬಹುದು. ಕೊನೆಯದು ಎಲ್ಲರಿಂದಲೂ ಕುಕ್ಕಿಸಿಕೊಳ್ಳಬೇಕು. ನಾರ್ವೆ ದೇಶದ ಶೆಲ್ದೆರುಪ್-ಎಬ್ಬೆ ಎಂಬ ವಿದ್ವಾಂಸರು ಕೋಳಿಗಳನ್ನು ವರ್ಷಗಟ್ಟಲೆ ನೋಡಿ ೧೯೨೨ರಲ್ಲಿ ಇದನ್ನು ಬರೆದು ಪ್ರಕಟಿಸಿದರು. ಹೊಸದು ಬಂದೊಡನೆ ಈ ಸಾಲು ಕದಡುತ್ತದೆ. ಮತ್ತೆ ನೆಲೆಗೊಳ್ಳುವವರೆಗೆ ಕುಕ್ಕಾಟ ನಡೆದೇ ನಡೆಯುತ್ತದೆ.

ಮೂರು ವಾರ ಕಳೆದು ಕೋಳಿ ಆರೋಗ್ಯವಾಗಿದ್ದರೆ ಅದರ ಪಂಜರವನ್ನು ಹಳೆಯ ಗೂಡಿನ ಹತ್ತಿರಕ್ಕೆ ತನ್ನಿರಿ. ಒಂದು ವಾರ ಬಲೆಯ ಆಚೆ ಈಚೆ ನಿಂತು ಒಂದನ್ನೊಂದು ನೋಡಲಿ. ಅನಂತರ ಮೇಯುವ ಹೊತ್ತಿನಲ್ಲಿ ಬಯಲಿನಲ್ಲಿ ಒಟ್ಟಿಗೆ ಬಿಡಿರಿ. ಬಯಲಿನಲ್ಲಾದರೆ ಸೋತದ್ದು ಓಡಿ ತಪ್ಪಿಸಿಕೊಳ್ಳಬಹುದು. ಗೂಡಿನಲ್ಲಿ ಓಡಲು ಜಾಗವಿಲ್ಲ. ಜೋಳ ನುಚ್ಚನ್ನು ಎರಡು ಮೂರು ಕಡೆ ಚೆಲ್ಲಿರಿ, ನೀರನ್ನೂ ಎರಡು ಕಡೆ ಇಡಿರಿ. ಒಂದನ್ನೇ ತರುವ ಬದಲು ಒಂದೇ ಗಾತ್ರದ ಎರಡನ್ನು ತಂದರೆ ಪೆಟ್ಟು ಹಂಚಿಹೋಗುತ್ತದೆ. ಚಿಕ್ಕ ಮರಿಗಳನ್ನು ದೊಡ್ಡವುಗಳೊಡನೆ ಬಿಡಲೇಬಾರದು.

ಮೂರು ನಾಲ್ಕು ದಿನ ಹೀಗೆ ನಡೆದ ಮೇಲೆ ರಾತ್ರಿ ಕತ್ತಲಾದಾಗ ಹೊಸದನ್ನು ಗೂಡಿನ ಅಡ್ಡಗೋಲಿನ ಮೇಲೆ ಕೂರಿಸಿರಿ. ಆದರೆ ಬೆಳಕು ಹರಿಯುವ ಮುನ್ನವೇ ಎದ್ದು ಬಾಗಿಲು ತೆರೆಯಬೇಕು. ಗೂಡಿನಲ್ಲಿ ಕೋಳಿಯೊಂದಕ್ಕೆ ಎರಡು ಚದರ ಅಡಿ ಜಾಗವಿದ್ದರೆ ಒಳ್ಳೆಯದು.

ಸಣ್ಣ ಕುಕ್ಕಾಟಕ್ಕೆ ನಡುವೆ ಕೈ ಹಾಕಬೇಡಿರಿ. ರಕ್ತ ಕಂಡರೆ ಮಾತ್ರ ತಡಮಾಡದೆ ಬೇರ್ಪಡಿಸಿರಿ. ಕೆಂಪನ್ನು ಕಂಡಲ್ಲಿಯೇ ಉಳಿದವೆಲ್ಲ ಕುಕ್ಕುತ್ತವೆ. ಗಾಯ ಮಾದ ಮೇಲೆ ಮತ್ತೆ ಬಲೆಯ ಹಂತದಿಂದ ಆರಂಭಿಸಿರಿ.

ಒಟ್ಟಿನಲ್ಲಿ ಒಂದು ತಿಂಗಳ ಕೆಲಸ. ಮುಂದಿನ ಸಂತೆಗೆ ಕೋಳಿ ಕೊಳ್ಳಲು ಹೊರಡುವವರು ಹೊರಡುವ ಮುನ್ನವೇ ಹಿತ್ತಲಿನ ಮೂಲೆಯಲ್ಲಿ ಪಂಜರವನ್ನು ಸಿದ್ಧಪಡಿಸಿರಬೇಕೆಂದು ಓದುಗರನ್ನು ಕೋರುತ್ತೇವೆ.