ಹಲ್ಲು ಮೂಡುವ ಮೊದಲೇ ಹಲ್ಲಿನ ಆರೈಕೆ

ಅನಂತಪುರ ಸೀಮೆಯ ಹಲವು ಊರುಗಳಲ್ಲಿ ಮಕ್ಕಳ ಹೊಸ ಹಲ್ಲಿನ ಮೇಲೆ ಬಿಳಿ ಮಚ್ಚೆ, ಕಂದು ಗೆರೆ ಕಾಣುತ್ತವೆ. ಎಷ್ಟು ಉಜ್ಜಿದರೂ ಅವು ಹೋಗುವುದಿಲ್ಲ. ಹಲ್ಲು ವಸಡಿನೊಳಗೆ ರೂಪುಗೊಳ್ಳುವಾಗ ನೀರಿನ ಅತಿಯಾದ ಫ್ಲೋರೈಡ್ ಮಾಡಿದ ಹಾನಿ ಅದು. ಭಾರತದಲ್ಲಿ ಈ ಫ್ಲೋರೋಸಿಸ್ ಮೊದಲು ವರದಿಯಾದದ್ದು 1937ರಲ್ಲಿ, ಆಗಿನ ನೆಲ್ಲೂರು ಜಿಲ್ಲೆಯಿಂದ. ಬೋರ್ ನೀರನ್ನೇ ನಂಬಿರುವ ರಾಯದುರ್ಗ, ಮಡಕಶಿರಾ ಕಡೆಯ ಮನೆಗಳು ಯಾವ ಹಂತದಲ್ಲಿ ಏನು ಮಾಡಬೇಕು? ಇಲ್ಲಿದೆ ಮಾಹಿತಿ.

1. ಬಸಿರಿನಲ್ಲಿ
ಗರ್ಭದ ಆರನೇ ವಾರಕ್ಕೇ ಹಲ್ಲಿನ ಮೊಳಕೆ ಶುರು. ನಾಲ್ಕನೇ ತಿಂಗಳ ಹೊತ್ತಿಗೆ ಹಾಲುಹಲ್ಲುಗಳು ಗಟ್ಟಿಯಾಗತೊಡಗುತ್ತವೆ. ತಾಯಿ ರಾಗಿ, ಹಾಲು, ಮೊಸರು, ಸೊಪ್ಪು, ಬೇಳೆ ತಪ್ಪದೆ ತಿನ್ನಲಿ. ಆಸ್ಪತ್ರೆಯಲ್ಲಿ ಕೊಡುವ ಕ್ಯಾಲ್ಸಿಯಂ ಮಾತ್ರೆಯನ್ನು ಬಿಡದೆ ನುಂಗಲಿ. ಟೆಟ್ರಾಸೈಕ್ಲಿನ್ ಮಾತ್ರೆ ಕೂಸಿನ ಹಲ್ಲಿಗೆ ಹಳದಿ ಬಣ್ಣ ತರುತ್ತದೆ. ಹಾಗಾಗಿ ಯಾವ ಔಷಧವನ್ನೂ ವೈದ್ಯರನ್ನು ಕೇಳದೆ ತೆಗೆದುಕೊಳ್ಳಬೇಡಿ.

2. ಹುಟ್ಟಿದ ಮೇಲೆ ಆರು ತಿಂಗಳು
ಮೊದಲ ಕಾಯಂ ದವಡೆಹಲ್ಲು ಗಟ್ಟಿಯಾಗಲು ಆರಂಭಿಸುವುದು ಹೆರಿಗೆಯ ಹೊತ್ತಿಗೇ. ಮುಂದಿನ ಕೆಲವೇ ತಿಂಗಳಲ್ಲಿ ಮುಂಭಾಗದ ಕಾಯಂ ಹಲ್ಲುಗಳ ಕೆಲಸವೂ ಶುರುವಾಗುತ್ತದೆ. ಎದೆಹಾಲಿನಲ್ಲಿ ಫ್ಲೋರೈಡ್ ತೀರಾ ಕಡಿಮೆ. ಆರು ತಿಂಗಳು ಬರೀ ಎದೆಹಾಲು ಕೊಡಿ, ನೀರು ಬೇಡ. ಡಬ್ಬಿ ಹಾಲು ಅನಿವಾರ್ಯವಾದರೆ ಅದನ್ನು ಬೋರ್ ನೀರಿನಲ್ಲಿ ಕಲಸಬೇಡಿ.

3. ಆರು ತಿಂಗಳಿಂದ ಮೂರು ವರ್ಷ
ಸಾಮಾನ್ಯವಾಗಿ 6ರಿಂದ 10 ತಿಂಗಳೊಳಗೆ ಕೆಳಗಿನ ಎರಡು ಮುಂದಿನ ಹಲ್ಲು ಮೂಡುತ್ತವೆ. ಮೂರು ವರ್ಷಕ್ಕೆ 20 ಹಾಲುಹಲ್ಲು ತುಂಬುತ್ತವೆ. ಮೊದಲ ಹಲ್ಲು ಬಂದ ದಿನದಿಂದಲೇ ಉಜ್ಜಿಸಿ. ಪೇಸ್ಟ್ ಅಕ್ಕಿಕಾಳಿನಷ್ಟು ಸಾಕು. ಹಾಲಿನ ಬಾಟಲಿ ಬಾಯಲ್ಲಿಟ್ಟುಕೊಂಡೇ ಮಗು ಮಲಗದಿರಲಿ. ಜೋರು ಜ್ವರ ಬಂದರೆ ಹಲ್ಲು ಬರುತ್ತಿದೆಯೆಂದು ಸುಮ್ಮನಿರದೆ ವೈದ್ಯರಿಗೆ ತೋರಿಸಿ.

4. ಎಂಟು ವರ್ಷದವರೆಗೆ ನೀರಿನ ಎಚ್ಚರ
ಬುದ್ಧಿಹಲ್ಲು ಬಿಟ್ಟು ಉಳಿದ ಕಾಯಂ ಹಲ್ಲುಗಳ ಗಟ್ಟಿ ಹೊರಪದರ, ಅಂದರೆ ಎನಾಮೆಲ್, ಬೆಳೆಯುವುದು ಸುಮಾರು ಎಂಟು ವರ್ಷದವರೆಗೆ. ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಒಳಗೆ ಫ್ಲೋರೈಡ್ ಇದ್ದರೆ ಒಳ್ಳೆಯದು. ಬೇರೆ ನೀರು ಸಿಗದಿದ್ದಾಗಲೂ 1.5 ಮೀರಬಾರದು. ಗ್ರಾಮೀಣ ನೀರು ಸರಬರಾಜು ಇಲಾಖೆಯಲ್ಲಿ ಪರೀಕ್ಷೆ ಮಾಡಿಸಿ. ಕುದಿಸಿದರೆ ಫ್ಲೋರೈಡ್ ಹೋಗದು, ನೀರು ಆವಿಯಾದಷ್ಟೂ ಅದರ ಪ್ರಮಾಣ ಏರುತ್ತದೆ. ಮಳೆನೀರು ಸಂಗ್ರಹ, ನದಿಮೂಲದ ನಲ್ಲಿ ನೀರು ಅಥವಾ ಆರ್‌ಒ ನೀರು ಬಳಸಿ. ಕುಡಿಯಲಿಕ್ಕಷ್ಟೇ ಅಲ್ಲ, ಅಡುಗೆಗೂ ಅದೇ ನೀರಿರಲಿ. 3ರಿಂದ 6 ವರ್ಷದವರಿಗೆ ಬಟಾಣಿಯಷ್ಟು ಪೇಸ್ಟ್ ಕೊಟ್ಟು, ನುಂಗದೆ ಉಗುಳುವುದನ್ನು ಕಲಿಸಿ.

5. ಆರರ ನಂತರ
ಸುಮಾರು ಆರನೇ ವರ್ಷಕ್ಕೆ ಹಾಲುಹಲ್ಲುಗಳ ಹಿಂದೆ ಹೊಸ ದವಡೆಹಲ್ಲು ಬರುತ್ತದೆ. ಅದನ್ನೂ ಹಾಲುಹಲ್ಲೆಂದು ಭಾವಿಸಿ ಕಡೆಗಣಿಸುವವರೇ ಹೆಚ್ಚು. ಅದು ಹುಳುಕಾಗಿ ಬಿದ್ದರೆ ಮತ್ತೆ ಹುಟ್ಟುವುದಿಲ್ಲ. 13ರ ಹೊತ್ತಿಗೆ 28 ಹಲ್ಲು, 17ರ ನಂತರ ಬುದ್ಧಿಹಲ್ಲು ಬಂದರೆ ಒಟ್ಟು 32.

ಒಮ್ಮೆ ಕೆಟ್ಟ ಎನಾಮೆಲ್ಲನ್ನು ದೇಹ ಮತ್ತೆ ಕಟ್ಟಿಕೊಡದು. ನಿಮ್ಮ ಮನೆಯಲ್ಲಿ ಬಸುರಿ, ಬಾಣಂತಿ ಅಥವಾ ಎಂಟು ವರ್ಷದೊಳಗಿನ ಮಗು ಇದ್ದರೆ ಈ ವಾರವೇ ಕುಡಿಯುವ ನೀರನ್ನು ಪರೀಕ್ಷೆಗೆ ಕೊಡಿ.